ಕೋಲಾರದಂಥ ಊರಿಗೆ ಯಾವ ನೀರು: ಬೋರೋ, ಅಣೆಕಟ್ಟೋ, ಕೆರೆಯೋ, ಕಾಲುವೆಯೋ?

ನಮ್ಮ ಕಡೆ ಹೊಸ ನೀರಿನ ಯೋಜನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು: ದಿನಕ್ಕೆ ಎಷ್ಟು ನೀರು ಬರುತ್ತೆ? ನಗರಸಭೆಯಲ್ಲೂ ಅದೇ, ಟೀ ಅಂಗಡಿಯಲ್ಲೂ ಅದೇ. ಕೇಳುವುದರಲ್ಲಿ ತಪ್ಪೇನಿಲ್ಲ. ಅಪರೂಪಕ್ಕೆ ನಲ್ಲಿ ನೀರು ನೋಡುವ ಜನ ಮೊದಲು ಎಣಿಸುವುದು ಬಿಂದಿಗೆಯನ್ನೇ. ಆದರೆ ಯೋಜನೆಯ ಕಾಗದವೂ ಅಷ್ಟಕ್ಕೇ ನಿಂತರೆ ಕಷ್ಟ. ಇಷ್ಟು ಎಂಎಲ್‌ಡಿ (ಅಂದರೆ ದಿನಕ್ಕೆ ಇಷ್ಟು ದಶಲಕ್ಷ ಲೀಟರ್) ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಆ ನೀರು ಮೇ ತಿಂಗಳಲ್ಲಿ ಎಂಥದಾಗಿರುತ್ತದೆ, ಕೊನೆಯ ಬೀದಿಯ ನಲ್ಲಿಗೆ ಬರುವಷ್ಟರಲ್ಲಿ ಏನಾಗಿರುತ್ತದೆ ಅನ್ನುವುದಕ್ಕೆ ಒಂದೆರಡು ಸಾಲೂ ಇರುವುದಿಲ್ಲ.

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಹುಟ್ಟುವುದು ಇಲ್ಲೇ ಆದರೂ ಮಳೆ ಬಂದರೆ ಉಂಟು, ಇಲ್ಲದಿದ್ದರೆ ಬರೀ ಮರಳು. ಹಾಗಾಗಿ ನಮ್ಮ ಊರುಗಳಿಗೆ ಇರುವ ದಾರಿಗಳು ಬೆರಳೆಣಿಕೆಯಷ್ಟು. ಆಳದ ಬೋರ್‌ವೆಲ್, ಹತ್ತಿರದ ಜಲಾಶಯ, ಬೆಂಗಳೂರಿನಿಂದ ಸಂಸ್ಕರಿಸಿ ಕಳಿಸಿದ ನೀರು ತುಂಬಿದ ಕೆರೆ, ದೂರದಿಂದ ಬರುವ ಕಾಲುವೆ ಅಥವಾ ಪೈಪ್‌ಲೈನ್ ನೀರು. ಇವುಗಳಲ್ಲಿ ಯಾವುದಕ್ಕೆ ಎಷ್ಟು ಒಲವು ತೋರಿಸಬೇಕು ಅನ್ನುವುದೇ ಇಲ್ಲಿನ ವಿಷಯ.

ಹೋಲಿಸುವ ಮೊದಲು ಒಂದು ಗೆರೆ ಎಳೆದುಕೊಳ್ಳೋಣ. ನೀರಿನ ತೊಂದರೆ ಎರಡು ಥರ. ಒಂದು ಕಲ್ಲಿನಿಂದ ಕರಗಿ ಬರುವುದು: ಫ್ಲೋರೈಡ್, ಯುರೇನಿಯಂ, ಗಡಸುತನ. ಇದು ಇವತ್ತು ಕುಡಿದರೆ ನಾಳೆ ಕಾಣುವುದಿಲ್ಲ, ವರ್ಷಗಟ್ಟಲೆ ಕುಡಿದ ಮೇಲೆ ಕಾಣುತ್ತದೆ, ಫ್ಲೋರೈಡ್ ಆದರೆ ಹಲ್ಲಲ್ಲಿ, ಮೂಳೆಯಲ್ಲಿ. ಇನ್ನೊಂದು ಕೊಳಕಿನಿಂದ ಸೇರುವುದು: ರೋಗಾಣು. ಇದಕ್ಕೆ ಒಂದು ಲೋಟ ಸಾಕು, ಎರಡು ದಿನದಲ್ಲಿ ವಾಂತಿಭೇದಿ. ಬೋರ್ ನೀರಿಗೆ ಮೊದಲನೆಯ ತೊಂದರೆ ಜಾಸ್ತಿ, ಕೆರೆ ಮತ್ತು ಜಲಾಶಯದ ನೀರಿಗೆ ಎರಡನೆಯದು. ಒಂದಕ್ಕೆ ಮಾಡುವ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತದೆ, ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಸ್ವಲ್ಪ ಏರುತ್ತದೆ ಕೂಡ. "ನಾವು ಕಾಯಿಸಿಯೇ ಕುಡಿಯೋದು" ಎಂದು ಫ್ಲೋರೈಡ್ ಇರುವ ಊರಲ್ಲಿ ನೆಮ್ಮದಿಯಿಂದ ಹೇಳುವವರು ಬಹಳ ಜನ ಸಿಗುತ್ತಾರೆ.

ಬೋರ್‌ವೆಲ್: ಕೈಗೆ ಹತ್ತಿರ, ಆದರೆ ಆಳ ಇಳಿದಷ್ಟೂ ದುಬಾರಿ

ಬೋರ್‌ನ ದೊಡ್ಡ ಗುಣ ಅಂದರೆ ಬೇಗ ಆಗುತ್ತದೆ. ಬೇಸಿಗೆ ಬಂತು, ಜನ ಕೊಡ ಹಿಡಿದು ರಸ್ತೆಗೆ ಕೂತರು, ವಾರದೊಳಗೆ ಒಂದು ಬೋರ್ ಕೊರೆಸಿ ಮೋಟಾರ್ ಇಳಿಸಬಹುದು. ಬೇರೆ ಯಾವ ಯೋಜನೆಯೂ ಈ ವೇಗ ಕೊಡುವುದಿಲ್ಲ. ನೀರು ನೋಡಲಿಕ್ಕೂ ತಿಳಿಯಾಗಿರುತ್ತದೆ.

ಆದರೆ ನಮ್ಮ ನೆಲದಡಿ ಇರುವುದು ಗಟ್ಟಿ ಕಲ್ಲು. ನೀರು ನಿಲ್ಲುವುದು ಕಲ್ಲಿನ ಬಿರುಕುಗಳಲ್ಲಿ. ಮೇಲಿನ ಬಿರುಕು ಬರಿದಾದಂತೆ ಸಾವಿರ, ಸಾವಿರದ ಐನೂರು ಅಡಿಗೆ ಇಳಿದಿದ್ದೇವೆ. ಅಷ್ಟು ಆಳದ ನೀರು ಕಲ್ಲಿನ ಜೊತೆ ಬಹಳ ಕಾಲ ಕೂತಿರುತ್ತದೆ, ಕಲ್ಲಲ್ಲಿರುವುದನ್ನೆಲ್ಲ ಕರಗಿಸಿಕೊಂಡಿರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡದ ಕಡೆ ಫ್ಲೋರೈಡ್ ಹಳೆಯ ಕಥೆ. ಈಚಿನ ವರ್ಷಗಳಲ್ಲಿ ಯುರೇನಿಯಂ ಕೂಡ ವರದಿಗಳಲ್ಲಿ ಬರುತ್ತಿದೆ.

ಭಾರತೀಯ ಮಾನಕ ಐಎಸ್ 10500 ಹೇಳುವುದು ಹೀಗೆ: ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. "ಬೇರೆ ಮೂಲವೇ ಇಲ್ಲದಿದ್ದರೆ" ಅನ್ನುವ ಮಾತಿಗೆ ಗಮನ ಕೊಡಿ. ಪರೀಕ್ಷಾ ವರದಿಯಲ್ಲಿ 1.3 ಎಂದಿರುತ್ತದೆ, ಪಕ್ಕದಲ್ಲಿ "ಮಿತಿಯೊಳಗಿದೆ" ಎಂದು ಷರಾ ಇರುತ್ತದೆ. ಊರಿಗೆ ಜಲಾಶಯದ ನೀರೂ ಬರುತ್ತಿದ್ದರೆ ಆ ಷರಾ ಒಪ್ಪಬೇಕಾಗಿಲ್ಲ. ಸುಮಾರು ಎಂಟು ವರ್ಷದವರೆಗಿನ ಮಕ್ಕಳಲ್ಲಿ ಕಾಯಂ ಹಲ್ಲು ಒಳಗೊಳಗೇ ರೂಪುಗೊಳ್ಳುತ್ತಿರುತ್ತದೆ. ಆಗ ಬಿದ್ದ ಹಳದಿ, ಕಂದು ಕಲೆ ಆಮೇಲೆ ಎಂಥ ಒಳ್ಳೆ ನೀರು ಕುಡಿದರೂ ಹೋಗುವುದಿಲ್ಲ. ಯುರೇನಿಯಂಗೆ ಮಿತಿ ಲೀಟರಿಗೆ 0.03 ಮಿಲಿಗ್ರಾಂ. ಎಷ್ಟೋ ವರದಿಗಳಲ್ಲಿ ಆ ಸಾಲೇ ಇರುವುದಿಲ್ಲ, ಯಾಕೆಂದರೆ ಯಾರೂ ಕೇಳಿರುವುದಿಲ್ಲ.

ಕರೆಂಟಿನ ಲೆಕ್ಕವನ್ನೂ ನೋಡಿ. 1500 ಅಡಿಯಿಂದ ಒಂದು ಸಾವಿರ ಲೀಟರ್ ನೀರು ಎತ್ತಬೇಕಾದರೆ, ಮೋಟಾರು ಅರ್ಧದಷ್ಟು ದಕ್ಷತೆಯಲ್ಲಿ ಓಡುತ್ತದೆ ಎಂದುಕೊಂಡರೂ, ಸುಮಾರು ಎರಡೂವರೆ ಯೂನಿಟ್ ಬೇಕು. ಕೊರೆಯುವ ಖರ್ಚನ್ನಷ್ಟೇ ನೋಡಿ "ಬೋರ್ ಅಗ್ಗ" ಅನ್ನುವವರು ಈ ಬಿಲ್ಲನ್ನು ಸೇರಿಸಿರುವುದಿಲ್ಲ. ಬೋರ್ ಬತ್ತಿದ ಮೇಲೆ ಪಕ್ಕದಲ್ಲಿ ಇನ್ನೊಂದು ಕೊರೆಯುವ ಖರ್ಚನ್ನೂ ಅಷ್ಟೇ.

ಹತ್ತಿರದ ಜಲಾಶಯ: ನನ್ನ ಮೊದಲ ಆಯ್ಕೆ, ಷರತ್ತುಗಳ ಜೊತೆ

ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಅಣೆಕಟ್ಟು ಇದಕ್ಕೆ ಒಳ್ಳೆಯ ಉದಾಹರಣೆ. ಮಾರ್ಕಂಡೇಯ ನದಿಗೆ ಕಟ್ಟಿದ್ದು, ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳಿಗೆ ಮತ್ತು ದಾರಿಯ ಹಳ್ಳಿಗಳಿಗೆ ಕುಡಿಯುವ ನೀರು ಕೊಡಲಿಕ್ಕೆ. ತಮಿಳುನಾಡು ತಕರಾರು ತೆಗೆದು ಸುಪ್ರೀಂ ಕೋರ್ಟಿಗೆ ಹೋಯಿತು, 2019ರ ನವೆಂಬರ್‌ನಲ್ಲಿ ಆ ಅರ್ಜಿ ವಜಾ ಆಯಿತು. ಉದ್ಘಾಟನೆ ಆಗಿದ್ದು 2023ರ ನವೆಂಬರ್‌ನಲ್ಲಿ. ಮಾತು ಶುರುವಾಗಿ ನಲ್ಲಿಗೆ ಬರಲು ಒಂದೂವರೆ ದಶಕ ಹಿಡಿದ ಯೋಜನೆ ಅದು. ಚಿಕ್ಕಬಳ್ಳಾಪುರ ಮತ್ತು ದೊಡ್ಡಬಳ್ಳಾಪುರಕ್ಕೆ ಜಕ್ಕಲಮಡುಗು ಇದೆ. ಇನ್ನೂ ಹಿಂದಕ್ಕೆ ಹೋದರೆ ಕೆಜಿಎಫ್‌ಗೆ ಬೇತಮಂಗಲದ ಕೆರೆ. ಚಿನ್ನದ ಗಣಿ ನಡೆಸಿದ ಬ್ರಿಟಿಷರು ಪಾಲಾರ್ ನೀರನ್ನೇ ನಂಬಿದ್ದರು.

ಮಳೆ ನೀರು ಕಲ್ಲಿನ ಸಂದಿಯಲ್ಲಿ ಕೂರದೆ ನೇರ ಬಂದು ನಿಲ್ಲುವುದರಿಂದ ಫ್ಲೋರೈಡ್ ಚಿಂತೆ ಕಡಿಮೆ. ಆದರೆ ಇದು ಆಕಾಶಕ್ಕೆ ಬಾಯಿ ತೆರೆದ ನೀರು. ದನ ಇಳಿಯುತ್ತವೆ, ಹೊಲದ ಗೊಬ್ಬರ ಹರಿದು ಬರುತ್ತದೆ, ಬೇಸಿಗೆಯಲ್ಲಿ ಪಾಚಿ ಕಟ್ಟುತ್ತದೆ. ಆದ್ದರಿಂದ ಆಲಂ ಹಾಕಿ ಕೆಸರು ಕೂರಿಸುವುದು, ಮರಳಿನ ಫಿಲ್ಟರ್, ಕ್ಲೋರಿನ್, ಇಷ್ಟೂ ದಿನಾ ಸರಿಯಾಗಿ ನಡೆಯಲೇಬೇಕು. ಫಿಲ್ಟರ್ ಸರಿಯಿಲ್ಲದೆ ನೀರು ಬಗ್ಗಡವಾಗಿದ್ದರೆ ಎಷ್ಟು ಕ್ಲೋರಿನ್ ಸುರಿದರೂ ಕೆಸರಿನ ಕಣದ ಮರೆಯಲ್ಲಿ ರೋಗಾಣು ಉಳಿದುಬಿಡುತ್ತದೆ.

ಎರಡು ಷರತ್ತು ಅಂದರೆ, ಮೊದಲನೆಯದು ಜಲಾನಯನ ಪ್ರದೇಶ. ಅಣೆಕಟ್ಟಿನ ಮೇಲ್ಭಾಗದಲ್ಲಿ ಲೇಔಟ್, ಕೋಳಿ ಫಾರಂ, ಕಾರ್ಖಾನೆ ಬಂದರೆ ಕೆಳಗೆ ಎಷ್ಟು ದೊಡ್ಡ ಘಟಕ ಕಟ್ಟಿದರೂ ಗುದ್ದಾಟ ತಪ್ಪುವುದಿಲ್ಲ. ಎರಡನೆಯದು, ಸತತ ಎರಡು ವರ್ಷ ಮಳೆ ಕೈಕೊಟ್ಟರೆ ಏನು? ಇದಕ್ಕೆ ಉತ್ತರ ಇಲ್ಲದ ಜಲಾಶಯ ಯೋಜನೆ ಬೇಸಿಗೆಗೆ ಮತ್ತೆ ಬೋರ್ ಕಡೆಗೇ ಓಡುತ್ತದೆ.

ಬೆರೆಸುವುದು: ಯಾರೂ ಮಾತಾಡದ ಆಯ್ಕೆ

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ನಮ್ಮ ಊರುಗಳಿಗೆ ಅತಿ ಕಡಿಮೆ ಖರ್ಚಿನ ಪರಿಹಾರ ಇದೇ. ಜಲಾಶಯವೋ ಬೋರೋ ಎಂದು ಜಗಳ ಆಡುವ ಬದಲು ಎರಡನ್ನೂ ಲೆಕ್ಕ ಹಾಕಿ ಬೆರೆಸಬಹುದು.

ಒಂದು ಉದಾಹರಣೆ. ಬೋರ್ ನೀರಿನಲ್ಲಿ ಫ್ಲೋರೈಡ್ 2.4, ಜಲಾಶಯದ್ದು 0.4 ಎಂದಿಟ್ಟುಕೊಳ್ಳಿ. ಹತ್ತು ಭಾಗದಲ್ಲಿ ಮೂರು ಭಾಗ ಬೋರ್, ಏಳು ಭಾಗ ಜಲಾಶಯದ ನೀರು ಸೇರಿಸಿದರೆ ಸರಿಯಾಗಿ 1.0 ಬರುತ್ತದೆ. ಫ್ಲೋರೈಡ್ ತೆಗೆಯುವ ಯಂತ್ರ ಬೇಡ, ವ್ಯರ್ಥ ನೀರಿಲ್ಲ. ಅರ್ಧಕ್ಕರ್ಧ ಬೆರೆಸಿದರೆ 1.4. ಏಪ್ರಿಲ್, ಮೇನಲ್ಲಿ ಜಲಾಶಯ ತಳ ಕಂಡು ಅನುಪಾತ ತಿರುಗುಮುರುಗಾದರೆ, ಅಂದರೆ ಏಳು ಭಾಗ ಬೋರ್ ಆದರೆ, 1.8ಕ್ಕೆ ಏರುತ್ತದೆ. ಅದೇ ಊರು, ಅದೇ ನಲ್ಲಿ, ತಿಂಗಳು ಮಾತ್ರ ಬೇರೆ. ವರ್ಷದ ಸರಾಸರಿ ತೋರಿಸಿ "ಎಲ್ಲ ಸರಿಯಿದೆ" ಅನ್ನುವ ವರದಿಯನ್ನು ನಾನು ನಂಬದಿರುವುದು ಇದಕ್ಕೇ.

ಬೆರೆಸುವುದಕ್ಕೆ ಇರುವ ನಿಯಮ ಒಂದೇ: ಊರಿಗೆ ಬಿಡುವ ಮೊದಲು ದೊಡ್ಡ ಸಂಪಿನಲ್ಲಿ ಬೆರೆಯಬೇಕು. ನಡೆಯುವುದು ಏನು ಗೊತ್ತಾ? ಜಲಾಶಯದ ನೀರು ಓವರ್‌ಹೆಡ್ ಟ್ಯಾಂಕಿಗೆ ಹೋಗುತ್ತದೆ, ಬಡಾವಣೆಯ ಬೋರನ್ನು ಮಾತ್ರ ಸೀದಾ ಬೀದಿಯ ಪೈಪಿಗೆ ಜೋಡಿಸಿಬಿಡುತ್ತಾರೆ. ಕಾಗದದಲ್ಲಿ ಊರಿಗೆ ಬೆರೆತ ನೀರು ಹೋಗುತ್ತಿದೆ. ನಿಜದಲ್ಲಿ ಒಂದು ಬೀದಿ ವರ್ಷವಿಡೀ ಜಲಾಶಯದ ನೀರು ಕುಡಿಯುತ್ತದೆ, ಇನ್ನೊಂದು ಬೀದಿ ವರ್ಷವಿಡೀ ಬೋರ್ ನೀರು. ಗುರುತಿಸುವುದು ಸುಲಭ. ಬೇಳೆ ಬೇಗ ಬೇಯದೆ, ಸೋಪು ನೊರೆ ಬಾರದೆ, ಕೊಡದ ಒಳಗೆ ಬಿಳಿ ಪದರ ಕಟ್ಟುವ ಬೀದಿ ಯಾವುದು ಎಂದು ಮನೆ ನಡೆಸುವವರನ್ನು ಕೇಳಿ. ಹೊಸ ಯೋಜನೆಯ ನಕ್ಷೆ ಕೈಗೆ ಸಿಕ್ಕರೆ ಬೋರ್‌ಗಳ ಪೈಪು ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಮೊದಲು ನೋಡಿ.

ಕೆಸಿ ವ್ಯಾಲಿ, ಎಚ್‌ಎನ್ ವ್ಯಾಲಿ ಕೆರೆಗಳು

ಈ ವಿಷಯದಲ್ಲಿ ನಮ್ಮಲ್ಲಿ ಬಿಸಿ ಬಿಸಿ ಚರ್ಚೆ ಆಗುತ್ತದೆ. ಒಬ್ಬರು "ವಿಷ" ಅನ್ನುತ್ತಾರೆ, ಇನ್ನೊಬ್ಬರು "ಅಮೃತ" ಅನ್ನುತ್ತಾರೆ. ಎರಡೂ ಅಲ್ಲ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ (ಕೆಸಿ ವ್ಯಾಲಿ) ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಬಿಡುವ ಯೋಜನೆ 2018ರಲ್ಲಿ ಶುರುವಾಯಿತು. ಗುರಿ 440 ಎಂಎಲ್‌ಡಿ. ಮೊದಲು ನೀರು ಬಂದದ್ದು ಲಕ್ಷ್ಮೀಸಾಗರ ಕೆರೆಗೆ. ಅದೇ ವರ್ಷ ನೊರೆ ಕಾಣಿಸಿಕೊಂಡು ಗಲಾಟೆಯಾಯಿತು, ಹೈಕೋರ್ಟು, ಆಮೇಲೆ ಸುಪ್ರೀಂ ಕೋರ್ಟು ತಡೆ ಕೊಟ್ಟವು, ನಂತರ ತೆರವಾದವು. ಚಿಕ್ಕಬಳ್ಳಾಪುರ ಕಡೆಗೆ ಹೆಬ್ಬಾಳ-ನಾಗವಾರ ಕಣಿವೆಯ (ಎಚ್‌ಎನ್ ವ್ಯಾಲಿ) ನೀರು ಬರುತ್ತದೆ, ಕಂದವಾರ ಕೆರೆ ತುಂಬಿದ್ದು ಅದರಿಂದಲೇ.

ಬತ್ತಿದ್ದ ಬಾವಿ, ಬೋರ್‌ಗಳಲ್ಲಿ ನೀರು ಮೇಲೆ ಬಂದದ್ದು ನಿಜ, ರೈತರಿಗೆ ಅನುಕೂಲವಾದದ್ದೂ ನಿಜ. ಆದರೆ ಈ ಯೋಜನೆಯ ಉದ್ದೇಶ ಅಂತರ್ಜಲ ತುಂಬಿಸುವುದು. ಆ ಕೆರೆಯ ನೀರನ್ನೇ ಎತ್ತಿ, ಮಾಮೂಲಿ ಮರಳಿನ ಫಿಲ್ಟರ್‌ಗೆ ಹಾಕಿ ಊರಿಗೆ ಕುಡಿಯಲು ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಖಡಾಖಂಡಿತ ಬೇಡ ಅನ್ನಿ. ಮರಳಿನ ಫಿಲ್ಟರ್ ಕಟ್ಟಿರುವುದು ಮಳೆ ನೀರಿಗೆ, ಮಹಾನಗರದ ಕೊಳಚೆಯಲ್ಲಿ ಉಳಿಯುವ ಸಾರಜನಕ, ರಂಜಕ, ರಾಸಾಯನಿಕಗಳಿಗಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಈ ಕೆರೆಗಳ ಪಕ್ಕದಲ್ಲಿ ನಗರಸಭೆಯ ಕುಡಿಯುವ ನೀರಿನ ಬೋರ್ ಇದ್ದರೆ ಅದರ ಪರೀಕ್ಷೆಯ ಪಟ್ಟಿ ಬದಲಾಗಬೇಕು. ಹೊಸ ನೀರು ಸೇರಿ ಫ್ಲೋರೈಡ್ ಇಳಿಯಬಹುದು, ನೈಟ್ರೇಟ್ ಏರಬಹುದು. ನೈಟ್ರೇಟ್‌ನ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದು ಮೀರಿದರೆ ಬಾಟಲಿ ಹಾಲು ಕುಡಿಯುವ ಹಸುಗೂಸಿಗೆ ಅಪಾಯ.

ದೂರದ ನೀರು

ತುಮಕೂರಿಗೆ ಹೇಮಾವತಿ ಇದೆ. ಗೊರೂರಿನಿಂದ ಕಾಲುವೆಯಲ್ಲಿ ಬಂದು ಬುಗುಡನಹಳ್ಳಿ ಕೆರೆ ತುಂಬುತ್ತದೆ, ಅಲ್ಲಿಂದ ಶುದ್ಧೀಕರಿಸಿ ನಗರಕ್ಕೆ. ಕಾಲುವೆ ವರ್ಷವಿಡೀ ಹರಿಯುವುದಿಲ್ಲ, ಬಿಟ್ಟಾಗ ತುಂಬಿಸಿಕೊಳ್ಳಬೇಕು. ಹಾಗಾಗಿ ತುಮಕೂರಿನ ನೀರಿನ ಭದ್ರತೆ ಅಂದರೆ ಅರ್ಧ ಹೇಮಾವತಿ, ಇನ್ನರ್ಧ ಬುಗುಡನಹಳ್ಳಿಯ ಏರಿ ಮತ್ತು ಹೂಳು.

ನಮಗೆ ಎತ್ತಿನಹೊಳೆ. 24.01 ಟಿಎಂಸಿಯ ಯೋಜನೆ, ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕಿತು. ಬರುವುದಾದರೆ ಬರಲಿ, ಬೇಡ ಅನ್ನುವವರು ಯಾರು? ಆದರೆ ಅದು ಮಳೆಗಾಲದ ನೀರು. ಬಂದರೂ ಹಿಡಿದಿಡಲು ನಮ್ಮಲ್ಲೇ ಜಾಗ ಬೇಕು. ಅದನ್ನೇ ನಂಬಿ ಇವತ್ತಿನ ಕೆರೆ, ಫಿಲ್ಟರ್, ಪೈಪಿನ ಕೆಲಸ ಮುಂದೂಡುವ ಊರು ಎರಡು ಕಡೆಯೂ ಕೆಡುತ್ತದೆ.

ಎಲ್ಲಿ ಶುದ್ಧ ಮಾಡಬೇಕು: ಊರಿನ ಘಟಕವೋ, ಬೀದಿಯ ಘಟಕವೋ, ಅಡುಗೆಮನೆಯೋ?

ಬೀದಿಯ ಶುದ್ಧ ನೀರಿನ ಘಟಕದ ಪರವಾಗಿ ಒಂದು ಗಟ್ಟಿ ವಾದ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಒಳಚರಂಡಿ ಇರುವ ಪಟ್ಟಣಕ್ಕೆ ತಲೆಗೆ ದಿನಕ್ಕೆ 135 ಲೀಟರ್ ಎಂದು ಲೆಕ್ಕ. ಐದು ಸಾವಿರ ಜನರ ವಾರ್ಡಿಗೆ 6,75,000 ಲೀಟರ್ ಆಯಿತು. ಕುಡಿಯಲು, ಅಡುಗೆಗೆ ತಲೆಗೆ ಐದು ಲೀಟರ್ ಹಿಡಿದರೆ 25,000. ನೂರಕ್ಕೆ ನಾಲ್ಕು ಪಾಲೂ ಇಲ್ಲ. ಬಟ್ಟೆ ಒಗೆಯುವ, ಶೌಚಕ್ಕೆ ಸುರಿಯುವ ನೀರಿನಿಂದ ಫ್ಲೋರೈಡ್ ತೆಗೆದು ಏನು ಪ್ರಯೋಜನ? ಆದ್ದರಿಂದ ಜಲಾಶಯವೇ ಇಲ್ಲದ, ಬರೀ ಬೋರ್ ನಂಬಿದ ಸಣ್ಣ ಪಟ್ಟಣಕ್ಕೆ, ಇಡೀ ಊರಿಗೆ ಆರ್‌ಒ (ನೀರನ್ನು ಒತ್ತಡದಲ್ಲಿ ಪೊರೆ ಹಾಯಿಸಿ ಸೋಸುವ ಯಂತ್ರ) ಕಟ್ಟುವುದಕ್ಕಿಂತ ಬೀದಿಯ ಘಟಕವೇ ವಾಸಿ.

ಈಗ ಅದರ ಹುಳುಕು. ಆರ್‌ಒ ಪೊರೆ ಕ್ಲೋರಿನ್ ತಾಳುವುದಿಲ್ಲ, ಅದಕ್ಕೆ ಮೊದಲೇ ಇದ್ದಿಲಿನ ಫಿಲ್ಟರ್ ಕ್ಲೋರಿನನ್ನು ಹೀರಿಬಿಡುತ್ತದೆ. ಹಾಗಾಗಿ ನಾಣ್ಯ ಹಾಕಿ ತುಂಬಿಸಿಕೊಂಡ ನೀರಿಗೆ ಯಾವ ಕಾವಲೂ ಇಲ್ಲ. ತಿಂಗಳುಗಟ್ಟಲೆ ಒಳಗೆ ಕೈ ಆಡಿಸಿ ತೊಳೆಯದ ಕ್ಯಾನ್, ಒಳಗೋಡೆ ಮುಟ್ಟಿದರೆ ಜಾರುವ ಲೋಳೆ. ಅದರಲ್ಲಿ ಮೂರು ದಿನ ಇಟ್ಟ ನೀರು ಘಟಕದಿಂದ ಎಷ್ಟು ಶುದ್ಧವಾಗಿ ಬಂದಿದ್ದರೇನು? ಇನ್ನು ಪೊರೆಯಿಂದ ಹೊರಬರುವ ವ್ಯರ್ಥ ನೀರು. ಫ್ಲೋರೈಡ್, ಉಪ್ಪು ಎಲ್ಲ ಮಂದವಾಗಿ ಅದರಲ್ಲೇ ಇರುತ್ತದೆ, ಪಕ್ಕದ ಚರಂಡಿಗೆ ಬಿಟ್ಟರೆ ಮತ್ತೆ ನೆಲಕ್ಕೇ ಇಳಿಯುತ್ತದೆ. ಪೊರೆ ಬದಲಿಸಲು ದುಡ್ಡಿಲ್ಲದೆ ಬೀಗ ಬಿದ್ದ ಘಟಕಗಳನ್ನು ನಮ್ಮ ಜಿಲ್ಲೆಯಲ್ಲಿ ಎಲ್ಲರೂ ನೋಡಿದ್ದೇವೆ ಅಲ್ವಾ?

ಅಡುಗೆಮನೆಯ ಆರ್‌ಒ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫ್ಲೋರೈಡ್ ಇರುವ ಬೋರ್ ಮನೆಗೆ ಅದು ಬೇಕು. ಜಲಾಶಯದ ನೀರು ಬರುವ, ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಲೀಟರಿಗೆ 500 ಮಿಲಿಗ್ರಾಂ ದಾಟದ ಮನೆಗೆ ಸುಮ್ನೆ ದಂಡ. ಅಲ್ಲಿ ಕಾಯಿಸಿ ಆರಿಸಿದರೆ ಅಥವಾ ರೋಗಾಣು ಕೊಲ್ಲುವ ಯುವಿ ದೀಪದ ಯಂತ್ರ ಇಟ್ಟುಕೊಂಡರೆ ಸಾಕು. ಅಂಗಡಿಯವನು ಟಿಡಿಎಸ್ ಮೀಟರ್ ಅದ್ದಿ ಹೆದರಿಸುತ್ತಾನೆ. ಆ ಮೀಟರಿಗೆ ರೋಗಾಣುವೂ ಕಾಣುವುದಿಲ್ಲ, ಫ್ಲೋರೈಡೂ ಬೇರೆಯಾಗಿ ಕಾಣುವುದಿಲ್ಲ.

ಪೈಪು: ಗಂಟೆ ಲೆಕ್ಕವೋ, ಇಪ್ಪತ್ನಾಲ್ಕು ಗಂಟೆಯೋ?

ಮೂಲ ಯಾವುದೇ ಇರಲಿ, ಕೊನೆಗೆ ಎಲ್ಲ ಕೆಡುವುದು ಇಲ್ಲಿ. ವಾರಕ್ಕೆ ಎರಡು ಸಲ ನೀರು ಬಿಡುವ ಊರಲ್ಲಿ ಪೈಪು ಉಳಿದ ದಿನ ಖಾಲಿ ಇರುತ್ತದೆ. ವಾಲ್ವ್ ಮುಚ್ಚಿ ನೀರು ಇಳಿಯುವಾಗ ಒಳಗೆ ಎಳೆತ ಹುಟ್ಟುತ್ತದೆ, ಪೈಪು ಸ್ಟ್ರಾ ಇದ್ದ ಹಾಗೆ ಬಿರುಕಿನಿಂದ ಸುತ್ತಲಿನದನ್ನು ಹೀರುತ್ತದೆ. ಸುತ್ತಲೂ ಇರುವುದು ಏನು? ನಮ್ಮ ಓಣಿಗಳಲ್ಲಿ ನೀರಿನ ಪೈಪೂ ಯುಜಿಡಿಯೂ (ಒಳಚರಂಡಿ) ಅಕ್ಕಪಕ್ಕ. ನೀರು ಬಿಟ್ಟ ಮೊದಲ ಐದು ನಿಮಿಷ ಕೆಂಪಗೆ, ವಾಸನೆಯಾಗಿ ಬರುವುದು ಅದಕ್ಕೇ. ಸದಾ ಒತ್ತಡದಲ್ಲಿರುವ ಪೈಪು ಸೋರಿದರೂ ಹೊರಗೆ ಸೋರುತ್ತದೆ, ಒಳಗೆ ಎಳೆಯುವುದಿಲ್ಲ. 24 ಗಂಟೆ ನೀರಿನ ನಿಜವಾದ ಲಾಭ ಇದು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಲಯಗಳಲ್ಲಿ 2008ರ ಹೊತ್ತಿಗೇ ಮಾಡಿ ತೋರಿಸಿದ್ದಾರೆ. ಒಡಿಶಾದ ಪುರಿಯಲ್ಲಿ 2021ರಿಂದ ನಲ್ಲಿಯಿಂದಲೇ ಕುಡಿಯಿರಿ ಅನ್ನುತ್ತಿದ್ದಾರೆ.

ಹಾಗಾದರೆ ಕೋಲಾರಕ್ಕೂ 24 ಗಂಟೆ ಬೇಕಾ? ಒಂದೇ ಸಲ ಇಡೀ ಊರಿಗೆ ಬೇಡ ಅನ್ನುತ್ತೇನೆ. ಮೂಲವೇ ಅನುಮಾನ ಇರುವ ಊರಲ್ಲಿ ಅದು ಬರೀ ಬೋರ್ಡಿನ ಮಾತಾಗುತ್ತದೆ. ಒಂದೆರಡು ವಲಯಗಳಲ್ಲಿ ಹಳೇ ಪೈಪು ಬದಲಿಸಿ, ಮೀಟರ್ ಹಾಕಿ, ಸೋರಿಕೆ ಅಳೆದು ಶುರುಮಾಡಲಿ. ಲೆಕ್ಕಕ್ಕೆ ಸಿಗದೆ ಹೋಗುವ ನೀರು ನೂರಕ್ಕೆ 20ರ ಒಳಗಿರಬೇಕು ಎಂದು ಕೇಂದ್ರದ ಮಾನದಂಡ ಇದೆ. ಅಷ್ಟಕ್ಕೆ ತಂದರೆ ಉಳಿಯುವ ನೀರೇ ಒಂದು ಹೊಸ ಮೂಲ. ಉಳಿದ ಬಡಾವಣೆಗಳಿಗೆ ಕನಿಷ್ಠ ದಿನಾ ಒಂದು ಹೊತ್ತು ಬಿಡುವುದು, ನಾಲ್ಕು ದಿನಕ್ಕೊಮ್ಮೆ ಐದು ಗಂಟೆ ಬಿಡುವುದಕ್ಕಿಂತ ಮೇಲು.

ಪೈಪಿನ ಸ್ಥಿತಿ ತಿಳಿಯಲು ಇಂಜಿನಿಯರೇ ಆಗಬೇಕಿಲ್ಲ. ಕ್ಲೋರಿನ್ ನೋಡುವ ಚಿಕ್ಕ ಕಿಟ್ ನಗರಸಭೆಯ ನೀರಿನ ವಿಭಾಗದಲ್ಲಿ ಇರಲೇಬೇಕು. ಗಾಜಿನ ಕೊಳವೆಗೆ ಗೆರೆಯವರೆಗೆ ನಲ್ಲಿ ನೀರು ಹಿಡಿಯಿರಿ, ದ್ರಾವಣದ ಕೆಲವು ಹನಿ ಬಿಡಿ, ಅಲ್ಲಾಡಿಸಿ. ಕ್ಲೋರಿನ್ ಇದ್ದರೆ ನೀರು ಹಳದಿಗೆ ತಿರುಗುತ್ತದೆ. ಬಣ್ಣವನ್ನು ತಕ್ಷಣ ಪಟ್ಟಿಯ ಜೊತೆ ಹೋಲಿಸಬೇಕು, ತಡ ಮಾಡಿದರೆ ತಪ್ಪು ಓದು ಬರುತ್ತದೆ. ಕಡೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಇರಬೇಕು. ಟ್ಯಾಂಕಿನ ಬುಡದಲ್ಲಿ ಗಾಢ ಹಳದಿ, ಕಡೆಯ ಮನೆಯಲ್ಲಿ ಬಣ್ಣವೇ ಇಲ್ಲ ಅಂದರೆ ನಡುವೆ ಎಲ್ಲೋ ಕೊಳಕು ಸೇರುತ್ತಿರಬಹುದು, ಕ್ಲೋರಿನ್ ಅದನ್ನು ಎದುರಿಸುವುದರಲ್ಲೇ ಖರ್ಚಾಗಿರಬಹುದು. ಆಗ ಇನ್ನಷ್ಟು ಬ್ಲೀಚಿಂಗ್ ಪೌಡರ್ ಸುರಿಯುವುದಲ್ಲ, ಆ ನಡುವಿನ ಪೈಪು ಅಗೆದು ನೋಡಬೇಕು.

ಹಾಗಾದರೆ ಯಾವ ಊರಿಗೆ ಏನು?

ಯರಗೋಳ್ ಅಥವಾ ಜಕ್ಕಲಮಡುಗು ತಲುಪುವ ಊರಿಗೆ: ಜಲಾಶಯವೇ ಮುಖ್ಯ, ಬೋರ್ ಬೆರೆಸಲಿಕ್ಕೆ, ದುಡ್ಡು ಪೈಪಿಗೆ. ಬರೀ ಬೋರ್ ಇರುವ ಊರಿಗೆ: ಇರುವ ಬೋರ್‌ಗಳಲ್ಲಿ ಒಳ್ಳೆಯವನ್ನು ಆರಿಸಿ ಕುಡಿಯುವ ನೀರಿಗೆ ಮೀಸಲಿಡುವುದು, ಕೆಟ್ಟವನ್ನು ಬೇರೆ ಕೆಲಸಕ್ಕೆ ಬಿಡುವುದು, ಅದಕ್ಕೂ ಆಗದಿದ್ದರೆ ಬೀದಿಯ ಘಟಕ, ಜೊತೆಗೆ ಕ್ಯಾನ್ ತೊಳೆಯುವ ವ್ಯವಸ್ಥೆ. ಕಾಲುವೆ ನಂಬುವ ಊರಿಗೆ: ಮೊದಲು ಸ್ವಂತ ಕೆರೆಯ ಹೂಳು. ಕೆಸಿ ವ್ಯಾಲಿ ಕೆರೆ ಪಕ್ಕದ ಊರಿಗೆ: ಕೆರೆ ಕೃಷಿಗೆ, ಅಂತರ್ಜಲಕ್ಕೆ, ಕುಡಿಯುವ ಬೋರ್‌ಗೆ ಪದೇ ಪದೇ ಪರೀಕ್ಷೆ.

ಕೇಂದ್ರದ ಅಮೃತ್ 2.0 ಯೋಜನೆ ಇರಲಿ, ರಾಜ್ಯದ ಯೋಜನೆ ಇರಲಿ, ಸಾಮಾನ್ಯವಾಗಿ ಕಟ್ಟಿಕೊಡುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಆಮೇಲೆ ನಡೆಸಬೇಕಾದದ್ದು ನಗರಸಭೆ ಅಥವಾ ಪುರಸಭೆ. ಅಂದಾಜು ಪಟ್ಟಿ ನೋಡುವ ಅವಕಾಶ ಸಿಕ್ಕರೆ ಪಂಪು, ಪೈಪಿನ ಮೊತ್ತ ಬಿಟ್ಟು ಕೆಳಗೆ ಹೋಗಿ. ನೀರು ಪರೀಕ್ಷೆಗೆ, ಕೆಮಿಸ್ಟ್ ಸಂಬಳಕ್ಕೆ, ಕ್ಲೋರಿನ್ ದಾಸ್ತಾನಿಗೆ ಪ್ರತಿ ವರ್ಷದ ಹಣ ಎಲ್ಲಿಂದ ಎಂದು ಬರೆದಿದ್ದಾರಾ? ಪ್ರತಿ ಮೂಲದ ಮೇ ತಿಂಗಳ ವರದಿ ಲಗತ್ತಿಸಿದ್ದಾರಾ, ಅದರಲ್ಲಿ ಫ್ಲೋರೈಡ್, ನೈಟ್ರೇಟ್, ಯುರೇನಿಯಂ ಮೂರೂ ಇವೆಯಾ? ಇಲ್ಲದಿದ್ದರೆ ಆ ಮಾತನ್ನಷ್ಟೇ ಒಂದು ಹಾಳೆಯಲ್ಲಿ ಬರೆದು ಪೌರಾಯುಕ್ತರ ಕಚೇರಿಗೆ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.